ಸಹಾಯ ಬೇಕು: ಮುಕ್ತಿನಾಥಕ್ಕೆ ಯಾವ ಸಿಮ್?

ಅಪ್ಪ ಅಮ್ಮನ ಜೊತೆ ನೇಪಾಳದ ಕಠ್ಮಂಡು, ಪೋಖರಾ, ಮುಕ್ತಿನಾಥಕ್ಕೆ ಹೊರಟಿದ್ದೇನೆ. ಸಣ್ಣ ಟ್ರಿಪ್. ಆದರೆ ಸಿಮ್ ವಿಷಯದಲ್ಲಿ ತಲೆ ಕೆಟ್ಟು ಹೋಗಿದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ರೋಮಿಂಗ್ ಪ್ಯಾಕ್ ಹಾಕಿಸಿ ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಇ-ಸಿಮ್ ನೋಡಿದೆ, ಸಿಕ್ಕಿದ್ದೆಲ್ಲ ಬರೀ ಡೇಟಾ. ಜೀಪ್ ಡ್ರೈವರ್ ಜೊತೆ ಮಾತಾಡಲು ಅಲ್ಲಿನ ನಂಬರ್ ಬೇಕಲ್ವಾ? ಒಂದು ಸ್ಲಾಟ್‌ನಲ್ಲಿ ಬ್ಯಾಂಕ್ ಒಟಿಪಿಗೆ ಅಂತ ನಮ್ಮ ಸಿಮ್ ಇರಲೇಬೇಕು. ಉಳಿದಿದ್ದು ಒಂದೇ ಜಾಗ. ಅದಕ್ಕೆ ಅಲ್ಲಿನ ಕಂಪನಿಗಳಲ್ಲಿ ಎನ್‌ಸೆಲ್ ಹಾಕಲೋ, ನೇಪಾಳ ಟೆಲಿಕಾಂ ಹಾಕಲೋ? ಕಠ್ಮಂಡುವಿನಲ್ಲಿ ಯಾವುದಾದರೂ ನಡೆಯುತ್ತದೆ ಬಿಡಿ. ನನ್ನ ಚಿಂತೆ ಮುಕ್ತಿನಾಥದ ದಾರಿಯಲ್ಲಿ ಸಿಗುವ ಜೋಮ್‌ಸೋಮ್‌ನಿಂದ ಮೇಲಕ್ಕೆ, 3,700 ಮೀಟರ್ ಎತ್ತರದಲ್ಲಿ. ಇನ್ನೊಂದು, ನಮ್ಮಲ್ಲಿ ಪಾಸ್‌ಪೋರ್ಟ್ ಇಲ್ಲ, ವೋಟರ್ ಐಡಿ ತೋರಿಸಿ ಹೋಗುವವರು.

ಇತ್ತೀಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ: ಮುಕ್ತಿನಾಥದಲ್ಲಿ ಯಾವುದಕ್ಕೆ ಸಿಗ್ನಲ್ ಚೆನ್ನಾಗಿ ಬಂತು? ವೋಟರ್ ಐಡಿಗೆ ಸಿಮ್ ಕೊಟ್ಟರಾ?