ವ್ಯಾಲನ್ಸಿಗೆ ಧೈರ್ಯ ಬಂದಿದ್ದು ಸಾಯ್ತೀನಿ ಅಂತ ಗೊತ್ತಾಗಿದ್ದಕ್ಕೆ ತಾನೇ?

ಸಂಜೆಮಲ್ಲಿಗೆ:
ಎಲ್.ಎಂ. ಮಾಂಟ್ಗೊಮೆರಿ ಅವರ 1926ರಲ್ಲಿ ಬಂದ ಕಾದಂಬರಿ 'ದಿ ಬ್ಲೂ ಕ್ಯಾಸಲ್' ನಿನ್ನೆ ರಾತ್ರಿ ಮುಗ್ಸಿದೆ. ಓದ್ದೆ ಇರೋರು ಇಲ್ಲೇ ನಿಲ್ಲಿಸ್ಬಿಡಿ, ಕಥೆ ಪೂರ್ತಿ ಹೇಳ್ಬಿಡ್ತೀನಿ. ಕೆನಡಾದ ಡೀರ್‌ವುಡ್ ಅನ್ನೋ ಊರು, ವ್ಯಾಲನ್ಸಿ ಸ್ಟರ್ಲಿಂಗ್‌ಗೆ 29 ತುಂಬಿದೆ ಮದುವೆ ಇಲ್ಲ, ಅಮ್ಮ ಹೇಳಿದ್ದಕ್ಕೆಲ್ಲ ತಲೆ ಆಡ್ಸೋದೇ ಕೆಲಸ, ಇಷ್ಟ ಇಲ್ದಿದ್ರೂ ಮನೆಯವ್ರೆಲ್ಲ 'ಡಾಸ್' ಅಂತಾನೇ ಕರೀತಾರೆ, ಬೆಂಜಮಿನ್ ಅಂಕಲ್‌ನ ಹಳಸಲು ಒಗಟುಗಳನ್ನ ಸಹಿಸ್ಕೋಬೇಕು ಯಾಕಂದ್ರೆ ಅವನ ಹತ್ರ ದುಡ್ಡಿದೆ. ಹಾರ್ಟ್ ಪ್ರಾಬ್ಲಮ್ಮು, ಹೆಚ್ಚಂದ್ರೆ ಒಂದು ವರ್ಷ ಅಂತ ಡಾಕ್ಟರ್ ಟ್ರೆಂಟ್ ಲೆಟರ್ ಬಂದ್ಮೇಲೇನೇ ಇವಳು ಬಾಯಿ ಬಿಡೋದು. ಸಾವು ಬಾಗ್ಲಲ್ಲಿ ನಿಂತಾಗ ಯಾರಿಗಾದ್ರೂ ಬರತ್ತಲ್ವಾ ಧೈರ್ಯ? ಅದೇನ್ ದೊಡ್ಡದು ಅನ್ನಿಸ್ತು.

ಕಾಫಿಪುಡಿ:
ನೀವು ಬರೀ ಮಾತನ್ನ ನೋಡ್ತಿದೀರ. ಆ ಸಿಲ್ವರ್ ವೆಡ್ಡಿಂಗ್ ಊಟದಲ್ಲಿ ಎಲ್ಲರ ಮುಖಕ್ಕೆ ಹೊಡೆದ ಹಾಗೆ ಹೇಳ್ತಾಳಲ್ಲ, ಮಜಾ ಇದೆ ಸರಿ, ಆದ್ರೆ ಒಂದು ಸಂಜೆಯ ಮಾತು ಅದು. ಆಮೇಲೆ ಹೋಗಿದ್ದೆಲ್ಲಿಗೆ? ಸಿಸ್ಸಿ ಗೇ ಮನೆಗೆ. ಮದುವೆ ಆಗ್ದೆ ಬಸುರಾದೋಳು, ಮಗೂನೂ ಉಳೀಲಿಲ್ಲ, ಈಗ ಕ್ಷಯ, ಅಪ್ಪ ಕುಡುಕ, ಊರಿನ ಮರ್ಯಾದಸ್ಥರು ಆ ಕಡೆ ತಲೆ ಹಾಕಲ್ಲ. ಅಲ್ಲಿ ಸಂಬಳಕ್ಕೆ ಅಡುಗೆ ಮಾಡ್ಕೊಂಡು, ಅವಳ ಆರೈಕೆ ಮಾಡ್ಕೊಂಡು ಇರ್ತಾಳೆ. ಇನ್ನೊಂದೇ ವರ್ಷ ಅಂದ್ರೆ ನಾನಂತೂ ಇನ್ನೊಬ್ಬರ ಮನೆ ಪಾತ್ರೆ ತೊಳೆಯೋಕೆ ಹೋಗ್ತಿರ್ಲಿಲ್ಲಪ್ಪಾ.

ಹಳೇಬೀರು:
ನನಗೆ ನಗು ಬಂದಿದ್ದು ಕೊನೇಲಿ. ವ್ಯಾಲನ್ಸಿ ಮದುವೆ ಆಗೋ ಬಾರ್ನಿನ ಕಳ್ಳ, ಜೈಲಿಗೆ ಹೋಗ್ಬಂದೋನು ಅಂತೆಲ್ಲ ಅಂದಿದ್ದ ಇದೇ ಮನೆಯವ್ರು, ಅವನು ಔಷಧಿ ಮಾರಿ ಕೋಟ್ಯಧಿಪತಿ ಆದ ಡಾಕ್ಟರ್ ರೆಡ್‌ಫರ್ನ್ ಮಗ ಅಂತ ಗೊತ್ತಾಗ್ತಿದ್ದ ಹಾಗೆ ಉಲ್ಟಾ ಹೊಡೀತಾರೆ. ಅವರ ಮರ್ಯಾದೆಗೆ ಇಷ್ಟೇ ರೇಟು. ಅವನನ್ನ ಬಡವನಾಗೇ ಬಿಟ್ಟಿದ್ರೆ ಕಾದಂಬರಿ ಇನ್ನೂ ಗಟ್ಟಿ ಇರ್ತಿತ್ತು ಅಂತ ನನ್ನ ತಕರಾರು. ಅಂದ್ಹಾಗೆ ಆ ಲೆಟರ್ ಬೇರೆ ಯಾರೋ ಜೇನ್ ಸ್ಟರ್ಲಿಂಗ್‌ಗೆ ಬರೆದಿದ್ದು, ತಪ್ಪಿ ವ್ಯಾಲನ್ಸಿಗೆ ಬಂದಿತ್ತು, ಸರ್‌ನೇಮಲ್ಲಿ ಇಂಗ್ಲಿಷಲ್ಲಿ ಒಂದಕ್ಷರ ವ್ಯತ್ಯಾಸ, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ 😄

ಕಾಫಿಪುಡಿ:
ಇನ್ನೊಂದು ಮರೆತೆ. ಆ ಮನೇಲಿ ಡಾಕ್ಟರ್ ಹತ್ರ ಹೋಗೋಕೂ ಎಲ್ರೂ ಕೂತು ಮಾತಾಡಿ ಜೇಮ್ಸ್ ಅಂಕಲ್ ಒಪ್ಪಬೇಕು, ಅದೂ ನೆಂಟರ ಡಾಕ್ಟರ್ ಮಾರ್ಷ್ ಹತ್ರಾನೇ. ಮಳೆ ಬಂದು ಪಿಕ್ನಿಕ್ ಕ್ಯಾನ್ಸಲ್ ಆದ ದಿನ ಇವಳು ಯಾರಿಗೂ ಹೇಳ್ದೆ ಟ್ರೆಂಟ್ ಹತ್ರ ಹೋಗಿದ್ಲಲ್ಲ, ಆಗ ಲೆಟರ್ ಎಲ್ಲಿತ್ತು?

ಸಂಜೆಮಲ್ಲಿಗೆ:
ಅಯ್ಯೋ ಹೌದಲ್ವಾ! ಅದನ್ನ ಕಥೆ ಶುರು ಮಾಡೋಕೆ ಒಂದು ನೆಪ ಅಂತ ಓದ್ಕೊಂಡ್ ಹೋಗ್ಬಿಟ್ಟಿದ್ದೆ. ಇವತ್ತು ರಾತ್ರಿ ಮೊದಲಿನ ಚಾಪ್ಟರ್‌ಗಳನ್ನ ಇನ್ನೊಂದ್ಸಲ ತೆಗೀತೀನಿ. ಬಾರ್ನಿ ದುಡ್ಡಿನ ವಿಷ್ಯದಲ್ಲಿ ಮಾತ್ರ ನಾನು ಹಳೇಬೀರು ಅವರ ಕಡೆ.