ಹೊರಾಂಗಣದ ಮೊದಲ ಪೋರ್ಟ್ರೇಟ್ ಶೂಟ್: ಹತ್ತು ಗಂಟೆಯ ಬಿಸಿಲಿನಲ್ಲಿ ಸಾಧ್ಯವೇ?

ಪ್ರಶ್ನೆ:
ಇದುವರೆಗೆ ಹಕ್ಕಿಗಳನ್ನೂ ನಿಸರ್ಗದೃಶ್ಯಗಳನ್ನೂ ಮಾತ್ರ ಸೆರೆಹಿಡಿಯುತ್ತಿದ್ದ ನನ್ನನ್ನು ಸಹೋದ್ಯೋಗಿಯೊಬ್ಬರು ತಮ್ಮ ಭಾವಚಿತ್ರಗಳನ್ನು ಉದ್ಯಾನವೊಂದರಲ್ಲಿ ತೆಗೆದುಕೊಡುವಂತೆ ಕೇಳಿದ್ದಾರೆ. ನನ್ನ ಬಳಿ ಇರುವುದು ಎಪಿಎಸ್-ಸಿ (ಫುಲ್‌ಫ್ರೇಮಿಗಿಂತ ಚಿಕ್ಕ ಅಳತೆಯ) ಸೆನ್ಸರಿನ ಕ್ಯಾಮೆರಾ, 18-55 ಮಿ.ಮೀ. ಜೂಮ್ ಮತ್ತು 50 ಮಿ.ಮೀ. ಎಫ್/1.8 ಲೆನ್ಸ್, ಫ್ಲ್ಯಾಶ್ ಇಲ್ಲ. ತೊಡಕೆಂದರೆ, ಅವರಿಗೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮಾತ್ರ ಬಿಡುವಿದೆ. ಆ ಹೊತ್ತಿನಲ್ಲಿ ಒಳ್ಳೆಯ ಚಿತ್ರಗಳು ಸಾಧ್ಯವೇ? ಮುಖದ ಮೇಲೆ ಬೆಳಕನ್ನು ಪ್ರತಿಫಲಿಸುವ ರಿಫ್ಲೆಕ್ಟರ್ ಕೊಳ್ಳಲೇಬೇಕೇ? ಕ್ಯಾಮೆರಾವನ್ನು ಹೇಗೆ ಹೊಂದಿಸಿಕೊಳ್ಳಬೇಕು?

ಉತ್ತರ 1:
ಸಾಧ್ಯವಿದ್ದರೆ ಸಮಯವನ್ನೇ ಬದಲಿಸಲು ಕೇಳಿನೋಡಿ. ಸೂರ್ಯ ಮೇಲೇರಿದಂತೆ ಹುಬ್ಬು ಮತ್ತು ಮೂಗಿನ ಕೆಳಗೆ ಗಾಢವಾದ ನೆರಳು ಬಿದ್ದು ಕಣ್ಣುಗಳು ಕತ್ತಲಲ್ಲಿ ಮುಳುಗುತ್ತವೆ. ಸೂರ್ಯೋದಯದ ನಂತರದ ಮತ್ತು ಸೂರ್ಯಾಸ್ತಕ್ಕೆ ಮುಂಚಿನ ಹೊತ್ತಿನಲ್ಲಿ ಬೆಳಕು ವಾತಾವರಣದೊಳಗೆ ಹೆಚ್ಚು ದೂರ ಸಾಗಿಬರುವುದರಿಂದ ಅದರ ನೀಲಿ ಅಂಶ ಚದುರಿ, ಹೊಂಬಣ್ಣದ ಮೃದುವಾದ ಬೆಳಕು ಬಹುಮಟ್ಟಿಗೆ ಮುಖದ ಎತ್ತರದಲ್ಲೇ ಸಿಗುತ್ತದೆ.

ಉತ್ತರ 2:
ಮೇಲಿನ ಮಾತು ತಪ್ಪಲ್ಲ, ಆದರೆ ಮೊದಲ ಶೂಟ್‌ಗೆ ಆ ಸಲಹೆಯನ್ನು ನಾನು ಕೊಡಲಾರೆ. ಹೊಂಬಣ್ಣದ ಬೆಳಕು ನೋಡನೋಡುತ್ತಿದ್ದಂತೆಯೇ ಬದಲಾಗುತ್ತದೆ; ಹೊಸಬರು ಅದರ ಹಿಂದೆ ಓಡುವುದರಲ್ಲೇ ಎದುರಿಗಿರುವ ವ್ಯಕ್ತಿಯನ್ನು ಮರೆತುಬಿಡುತ್ತಾರೆ. ನಿಮಗೆ ಬೇಕಿರುವುದು ತೆರೆದ ನೆರಳು, ಅಂದರೆ ನೇರ ಬಿಸಿಲು ತಾಗದ, ಆದರೆ ಎದುರಿನ ವಿಶಾಲವಾದ ಆಕಾಶ ಕಾಣುವ ಜಾಗ. ಕಟ್ಟಡದ ನೆರಳಿನ ಬದಿ, ಕಮಾನಿನ ಒಳಭಾಗ, ಮಂಟಪದ ಅಂಚು ಇವೆಲ್ಲ ಆಗುತ್ತವೆ. ವ್ಯಕ್ತಿಯನ್ನು ನೆರಳಿನ ಆಳದಲ್ಲಿ ನಿಲ್ಲಿಸದೆ, ಬಿಸಿಲು ಮುಗಿಯುವ ಗೆರೆಯಿಂದ ಒಂದೆರಡು ಹೆಜ್ಜೆ ಒಳಗೆ, ಬೆಳಕಿನ ಕಡೆಗೆ ಮುಖ ಮಾಡಿಸಿ ನಿಲ್ಲಿಸಿ. ಆಗ ಕಣ್ಣುಗಳಲ್ಲಿ ಆಕಾಶದ ಹೊಳಪು ಮೂಡುತ್ತದೆ. ಆ ಹೊಳಪಿಲ್ಲದಿದ್ದರೆ ಚಿತ್ರದಲ್ಲಿ ಉಳಿದದ್ದೆಲ್ಲ ಸರಿಯಿದ್ದರೂ ಮುಖ ನಿರ್ಜೀವವಾಗಿ ಕಾಣುತ್ತದೆ.

ಮರದ ಕೆಳಗೆ ಮಾತ್ರ ಎಚ್ಚರಿಕೆ ಬೇಕು. ಎಲೆಗಳ ನಡುವಿನಿಂದ ಸೋರುವ ಬಿಸಿಲು ಕೆನ್ನೆಯ ಮೇಲೆ ಬಿಳಿಯ ಮಚ್ಚೆಗಳನ್ನು ಮೂಡಿಸುತ್ತದೆ, ಹುಲ್ಲು ಮತ್ತು ಎಲೆಗಳಿಂದ ಪ್ರತಿಫಲಿಸುವ ಬೆಳಕು ಚರ್ಮಕ್ಕೆ ಹಸಿರು ಛಾಯೆ ತರುತ್ತದೆ. ಇವೆರಡನ್ನೂ ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸುವುದು ಪ್ರಯಾಸದ ಕೆಲಸ. ಆದ್ದರಿಂದ ಮುನ್ನಾದಿನ ಅದೇ ಹೊತ್ತಿಗೆ ಉದ್ಯಾನಕ್ಕೆ ಹೋಗಿ, ನಿಮ್ಮ ಅಂಗೈಯನ್ನು ಮುಖದ ಎತ್ತರಕ್ಕೆ ಹಿಡಿದು, ಅದರ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನಿಧಾನವಾಗಿ ಸುತ್ತ ತಿರುಗಿ ನೋಡಿ. ಛಾಯಾಗ್ರಹಣಕ್ಕೆ ಅನುಮತಿ ಬೇಕೇ ಎಂಬುದನ್ನೂ ಆಗಲೇ ವಿಚಾರಿಸಿಕೊಂಡುಬಿಡಿ.

ರಿಫ್ಲೆಕ್ಟರ್ ಈಗಲೇ ಬೇಡ. ದೊಡ್ಡ ಬಿಳಿಯ ಥರ್ಮೋಕೋಲ್ ಹಾಳೆ ಅಥವಾ ಬಿಳಿಯ ಗೋಡೆ ಅದೇ ಕೆಲಸ ಮಾಡುತ್ತದೆ. ಬೆಳ್ಳಿ ಬಣ್ಣದ ಮೇಲ್ಮೈಯನ್ನು ಹತ್ತಿರದಿಂದ ಹಿಡಿದರೆ ಎದುರಿಗಿರುವವರು ಕಣ್ಣು ಕಿರಿದಾಗಿಸಿಕೊಂಡು ಹಿಂಸೆಪಡುತ್ತಾರೆ.

ಉತ್ತರ 3:
ಜಾಗದ ಬಗ್ಗೆ ಎರಡನೆಯ ಉತ್ತರವನ್ನು ಪೂರ್ಣವಾಗಿ ಒಪ್ಪುತ್ತೇನೆ. ಕ್ಯಾಮೆರಾದ ವಿಷಯವನ್ನಷ್ಟೇ ಸೇರಿಸುತ್ತೇನೆ. 50 ಮಿ.ಮೀ. ಲೆನ್ಸನ್ನೇ ಬಳಸಿ, ನಿಮ್ಮ ಸೆನ್ಸರಿನ ಮೇಲೆ ಅದು ಫುಲ್‌ಫ್ರೇಮಿನ 75-80 ಮಿ.ಮೀ.ಗೆ ಸಮನಾದ, ಭಾವಚಿತ್ರಕ್ಕೆ ಒಪ್ಪುವ ನೋಟ ಕೊಡುತ್ತದೆ. ಜೂಮ್ ಲೆನ್ಸಿನ 18 ಮಿ.ಮೀ. ತುದಿಯಲ್ಲಿ ಮುಖ ತುಂಬುವಷ್ಟು ಹತ್ತಿರ ಹೋದರೆ ಮೂಗು ದೊಡ್ಡದಾಗಿ ಕಾಣುತ್ತದೆ. ಅಪರ್ಚರನ್ನು (ಲೆನ್ಸಿನಲ್ಲಿ ಬೆಳಕು ಹಾದುಬರುವ ಕಿಂಡಿಯನ್ನು) ಎಫ್/1.8ಕ್ಕೆ, ಅಂದರೆ ಪೂರ್ತಿಯಾಗಿ, ತೆರೆದಿಡುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಎರಡು ಮೀಟರ್ ದೂರದಲ್ಲಿ ಆಗ ಸ್ಪಷ್ಟವಾಗಿರುವುದು ಸುಮಾರು 11 ಸೆಂ.ಮೀ. ಆಳ ಮಾತ್ರ, ಇನ್ನೂ ಹತ್ತಿರ ಹೋದರೆ ಅದೂ ಇಲ್ಲ. ಎಫ್/2.8ರಿಂದ ಆರಂಭಿಸಿ, ಕ್ಯಾಮೆರಾಕ್ಕೆ ಹತ್ತಿರವಿರುವ ಕಣ್ಣಿನ ಮೇಲೆ ಫೋಕಸ್ ಮಾಡಿ, ಶಟರ್ ವೇಗ 1/200 ಸೆಕೆಂಡಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಅಗತ್ಯಬಿದ್ದರೆ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಏರಿಸಲು ಹಿಂಜರಿಯಬೇಡಿ.

ಹಿನ್ನೆಲೆ ಬಿಸಿಲಿನಲ್ಲಿದ್ದು ವ್ಯಕ್ತಿ ನೆರಳಿನಲ್ಲಿದ್ದರೆ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಆ ಪ್ರಖರತೆಗೆ ಮೋಸಹೋಗಿ ಮುಖವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ನನ್ನು (ಚಿತ್ರವನ್ನು ಹೆಚ್ಚು ಬೆಳಕಾಗಿಸುವ ಅಥವಾ ಕಪ್ಪಾಗಿಸುವ ಹೊಂದಾಣಿಕೆಯನ್ನು) +1ರ ಆಸುಪಾಸಿಗೆ ಏರಿಸಿ ನೋಡಿ. ನೆರಳಿನ ಬೆಳಕು ನೀಲಿಯಾಗಿರುವುದರಿಂದ ರಾ ಫೈಲಿನಲ್ಲಿ (ಸೆನ್ಸರ್ ಕಂಡ ಮಾಹಿತಿಯನ್ನು ಸಂಸ್ಕರಿಸದೆ ಉಳಿಸುವ ಕಡತದಲ್ಲಿ) ತೆಗೆದರೆ ವೈಟ್ ಬ್ಯಾಲೆನ್ಸನ್ನು (ಬಣ್ಣಗಳ ಸಮತೋಲನವನ್ನು) ನಂತರ ತಿದ್ದಿಕೊಳ್ಳಬಹುದು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಸಮಯ ಬದಲಿಸಲು ಅವರಿಗೆ ಆಗುವುದಿಲ್ಲವಾದ್ದರಿಂದ ನೆರಳಿನ ದಾರಿಯನ್ನೇ ಹಿಡಿಯುತ್ತೇನೆ. ಇನ್ನೊಂದು ವಿಷಯ: ಅವರು ಸದಾ ಕನ್ನಡಕ ಧರಿಸುತ್ತಾರೆ. ಗಾಜಿನಲ್ಲಿ ಆಕಾಶ ಪ್ರತಿಫಲಿಸದಂತೆ ಏನು ಮಾಡಬೇಕು?

ಉತ್ತರ 2 ಬರೆದವರು:
ಗಲ್ಲವನ್ನು ಸ್ವಲ್ಪ ತಗ್ಗಿಸಲು ಹೇಳಿ, ಅಥವಾ ಕನ್ನಡಕದ ಕಡ್ಡಿಗಳನ್ನು ಕಿವಿಯ ಮೇಲೆ ಕೂದಲೆಳೆಯಷ್ಟು ಎತ್ತಿದರೆ ಗಾಜು ಕೆಳಕ್ಕೆ ವಾಲಿ ಪ್ರತಿಫಲನ ಲೆನ್ಸಿನಿಂದಾಚೆ ಸರಿಯುತ್ತದೆ. ಅದಕ್ಕೂ ಮುಂಚೆ, ಬಿಸಿಲಿಗೆ ಕಪ್ಪಾಗುವ ಗಾಜು ಅವರದೇ ಎಂದು ಕೇಳಿಕೊಳ್ಳಿ. ಅಂಥ ಗಾಜು ಅತಿನೇರಳೆ ಕಿರಣಗಳಿಗೆ ಪ್ರತಿಕ್ರಿಯಿಸುವುದರಿಂದ ತೆರೆದ ನೆರಳಿನಲ್ಲೂ ಕಪ್ಪೇರುತ್ತದೆ, ಒಳಾಂಗಣಕ್ಕೆ ಹೋದರೂ ಮತ್ತೆ ತಿಳಿಯಾಗಲು ಕೆಲವು ನಿಮಿಷಗಳು ಬೇಕು. ಸಾಮಾನ್ಯ ಗಾಜಿನ ಹಳೆಯ ಕನ್ನಡಕವಿದ್ದರೆ ಅದನ್ನು ತರಲು ಹೇಳಿ.