ಕಚ್ಚಿಕೊಂಡ ನಟ್ಟು, ಜಿನುಗುವ ಆಯಿಲು: ಕೆಟ್ಟ ಗಾಡಿಯ ಮಾತುಗಳ ಬಗ್ಗೆ ಒಂದಿಷ್ಟು ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

ಹಳೆಯ ಪಿಕಪ್ ಗಾಡಿಯನ್ನು ತಾವೇ ರಿಪೇರಿ ಮಾಡಿಕೊಳ್ಳುವವರಿಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿರುವುದು ಹೆಚ್ಚಾಗಿ ನನ್ನ ಗಾಡಿಯ ಕೆಳಗೆ ಮಲಗಿ ಕಲಿತದ್ದೇ. ನಟ್ಟು, ಬೋಲ್ಟು, ಗ್ಯಾಸ್ಕೆಟ್, ಬೇರಿಂಗ್‌ಗಳಿಗೆ ಹೊಸ ಪದ ಬೇಕು ಅಂತ ಕೇಳಲು ಬಂದಿಲ್ಲ. ಅವು ಕನ್ನಡವೇ ಆಗಿಹೋಗಿವೆ, ಹಾಗೇ ಇರಲಿ. ನನಗೆ ತೊಡಕಾಗಿರುವುದು ಬೇರೆ: ಭಾಗ ಕೆಟ್ಟಿದ್ದರೆ ಅದು ಹೇಗೆ ಕೆಟ್ಟಿದೆ ಎಂದು ಹೇಳುವ ಮಾತು. ಇಲ್ಲಿ ನಮ್ಮ ಹತ್ತಿರ ಒಳ್ಳೊಳ್ಳೆಯ ಪದಗಳಿವೆ. ಆದರೆ ಬರೆಯಲು ಕೂತರೆ ಎಲ್ಲವೂ ‘ಹಾಳಾಗಿದೆ’ ಆಗಿಬಿಡುತ್ತದೆ.

ಮೊದಲು ಸುಲಭದ್ದು. ‘ಪಿಕಪ್’ ಗಾಡಿಯ ಹೆಸರೂ ಹೌದು, ಅದು ಎಳೆಯುವ ಚುರುಕಿನ ಹೆಸರೂ ಹೌದು. ‘ಪಿಕಪ್ಪಿಗೆ ಪಿಕಪ್ಪೇ ಇಲ್ಲ’ ಅಂತ ಬರೆದರೆ ತಮಾಷೆಯಾಗಿ ಕೇಳುತ್ತದೆ, ಅಷ್ಟೇ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಗಾಡಿಯ ಹಿಂದೆ ತೊಟ್ಟಿ ಕೂರಿಸಿ ಮಾರಿದಾಗಲೇ ಅದರ ಹೆಸರಿನಲ್ಲಿ ಪಿಕಪ್ ಎಂಬ ಮಾತಿತ್ತು. ಆದ್ದರಿಂದ ಗಾಡಿಗೆ ಪಿಕಪ್ ಎಂದೇ ಇಟ್ಟುಕೊಂಡು, ಇನ್ನೊಂದಕ್ಕೆ ‘ಎಳೆತ’ ಎಂದು ಬರೆದಿದ್ದೇನೆ. ಹಿಂದಿನ ಜಾಗಕ್ಕೆ ‘ತೊಟ್ಟಿ’. ಯಾರಿಗೂ ತಕರಾರು ಇರಲಾರದು ಅಂದುಕೊಂಡಿದ್ದೇನೆ.

ಈಗ ತುಕ್ಕು. ಹಳೆ ಗಾಡಿ ಅಂದಮೇಲೆ ಅರ್ಧ ಕೆಲಸ ಅದರದ್ದೇ. ಆದರೆ ಎಲ್ಲ ತುಕ್ಕೂ ಒಂದೇ ಅಲ್ಲ. ಬಣ್ಣ ಎದ್ದುಹೋದ ಕಡೆ ಕೆಂಪಗೆ ಪುಡಿಪುಡಿಯಾಗಿ ಕೂತದ್ದು ಒಂದು. ಇದನ್ನು ತಂತಿ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಬಳಿದರೆ ಮುಗಿಯಿತು. ಪದರ ಪದರವಾಗಿ ಚಕ್ಕೆ ಏಳುವುದು ಇನ್ನೊಂದು. ಒಳಗಿಂದಲೇ ತಿಂದು ಬರೀ ಸಿಪ್ಪೆ ಉಳಿಸಿರುವುದು ಮೂರನೆಯದು. ಚಾಸಿಸ್‌ನ ಉಕ್ಕನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿದರೆ ಕಿವಿಗೇ ಗೊತ್ತಾಗುತ್ತದೆ. ಗಟ್ಟಿ ಇದ್ದರೆ ‘ಟಣ್’ ಎನ್ನುತ್ತದೆ. ತಿಂದುಹೋಗಿದ್ದರೆ ‘ಥಪ್’ ಎಂದು ಸತ್ತ ಸದ್ದು, ಕೆಳಗೆ ಒಂದಿಷ್ಟು ಕೆಂಪು ಪುಡಿ. ಸದ್ಯಕ್ಕೆ ಇವನ್ನು ‘ಮೇಲ್ತುಕ್ಕು’, ‘ಚಕ್ಕೆ ಎದ್ದಿದೆ’, ‘ತುಕ್ಕು ತಿಂದು ಪೊಳ್ಳಾಗಿದೆ’ ಎಂದು ಬರೆದಿದ್ದೇನೆ. ಮೂರನೆಯದನ್ನು ಮನೆಯಲ್ಲಿ ಸುಮ್ನೆ ಪುಟ್ಟಿ ಮೆತ್ತಿ ಮುಚ್ಚಬಾರದು. ಅದು ವೆಲ್ಡಿಂಗ್ ಬಲ್ಲವರ ಕೆಲಸ. ಹಾಗಾಗಿ ಓದುವವರಿಗೆ ಈ ಮೂರೂ ಬೇರೆ ಬೇರೆ ಎಂದು ಪದದಲ್ಲೇ ತಿಳಿಯಬೇಕು. ‘ಮೇಲ್ತುಕ್ಕು’ ನಾನು ಕಟ್ಟಿದ್ದು. ನಿಮ್ಮ ಕಡೆ ಆಡುವ ಮಾತು ಬೇರೆ ಇದ್ದರೆ ಅದನ್ನೇ ಹಾಕುತ್ತೇನೆ.

ತುಕ್ಕಿನ ಪಕ್ಕದಲ್ಲೇ ‘ಕಿಲುಬು’ ಇದೆ. ನಾನು ಬಲ್ಲಂತೆ ತುಕ್ಕು ಕಬ್ಬಿಣಕ್ಕೆ, ಕಿಲುಬು ತಾಮ್ರ ಹಿತ್ತಾಳೆಗಳಿಗೆ. ‘ಕಿಲುಬು ಕಾಸು’ ಎನ್ನುತ್ತೇವೆ, ‘ತುಕ್ಕು ಕಾಸು’ ಎನ್ನುವುದಿಲ್ಲ ಅಲ್ವಾ? ಈ ಲೆಕ್ಕದಲ್ಲಿ ಅರ್ತ್ ವೈರಿನ ತುದಿಯಲ್ಲಿ ತಾಮ್ರ ಹಸಿರಾಗಿದ್ದರೆ ಅದು ಕಿಲುಬೇ. ಆದರೆ ಬ್ಯಾಟರಿಯ ಟರ್ಮಿನಲ್ ಮೇಲೆ ಬೆಳ್ಳಗೆ ಕಟ್ಟುತ್ತದಲ್ಲ, ಅದಕ್ಕೆ ಏನನ್ನೋಣ? ಅಲ್ಲಿರುವುದು ಸೀಸ. ಬಿಳಿಯದು ಸೀಸದ ಸಲ್ಫೇಟ್. ನೀಲಿ ಹಸಿರು ಕಂಡರೆ ಕ್ಲಾಂಪಿನ ಅಥವಾ ವೈರಿನ ತಾಮ್ರವೂ ಆಸಿಡ್ ಜೊತೆ ಸೇರಿದೆ ಎಂದರ್ಥ. ‘ಉಪ್ಪು ಕಟ್ಟಿದೆ’ ಎನ್ನುವುದು ನನಗೆ ಹಿಡಿಸಿದೆ. ರಸಾಯನಶಾಸ್ತ್ರದ ಪ್ರಕಾರವೂ ಅದು ಉಪ್ಪೇ. ಮೊದಲು ನೆಗೆಟಿವ್ ಕಡೆಯ ವೈರು ಬಿಚ್ಚಿ, ಅಡುಗೆ ಸೋಡಾ ಕದಡಿದ ನೀರು ಹಾಕಿದರೆ ಬುರುಬುರು ನೊರೆ ಎದ್ದು ಬಿಟ್ಟುಕೊಳ್ಳುತ್ತದೆ. ಮತ್ತೆ ಹಾಕುವಾಗ ನೆಗೆಟಿವ್ ಕೊನೆಗೆ. ಇನ್ನು ಅಲ್ಯೂಮಿನಿಯಂ ಮೇಲೆ ಬೂದಿಯಂತೆ ಕೂರುವ ಬಿಳಿ ಪುಡಿಗೆ ನನ್ನ ಹತ್ತಿರ ಪದವೇ ಇಲ್ಲ.

ಸೋರುವುದಕ್ಕೆ ಬಂದರೆ ಕನ್ನಡ ನಿಜಕ್ಕೂ ಶ್ರೀಮಂತ. ಒಸರು, ಜಿನುಗು, ತೊಟ್ಟಿಕ್ಕು, ಸೋರು, ಸುರಿ. ಎಲ್ಲದಕ್ಕೂ ‘ಲೀಕ್’ ಎಂದು ಒಂದೇ ಮುದ್ರೆ ಒತ್ತಿ ಕೂರುವುದು ನಮಗೇ ನಷ್ಟ. ಎಂಜಿನ್ನಿನ ಮೇಲಿನ ಕವರ್ ಸುತ್ತ ಪಸೆಯಾಗಿ, ಧೂಳು ಮೆತ್ತಿಕೊಂಡಿದ್ದರೆ ಆಯಿಲ್ ‘ಒಸರುತ್ತಿದೆ’. ಗಾಬರಿ ಬೇಡ, ಒರೆಸಿ, ಮತ್ತೆ ನೋಡಿ. ಒರೆಸಿದ ಸ್ವಲ್ಪ ಹೊತ್ತಿಗೇ ಹನಿ ಮೂಡಿದರೆ ‘ಜಿನುಗುತ್ತಿದೆ’. ನೆಲದಲ್ಲಿ ಕಲೆ ಬಿದ್ದಿದ್ದರೆ ‘ತೊಟ್ಟಿಕ್ಕುತ್ತಿದೆ’, ಗ್ಯಾಸ್ಕೆಟ್ ಅಥವಾ ಸೀಲ್ ಬದಲಿಸುವ ಹೊತ್ತು. ಈ ಕ್ರಮ ನಿಮಗೆ ಸರಿ ಕಾಣುತ್ತದಾ? ಒಸರುವುದಕ್ಕಿಂತ ಜಿನುಗುವುದು ಜಾಸ್ತಿ ಎಂದು ನನ್ನ ಕಿವಿ ಹೇಳುತ್ತದೆ. ತಲೆಕೆಳಗು ಎನ್ನುವವರೂ ಇರಬಹುದು. ಬ್ರೇಕ್ ಆಯಿಲ್ ವಿಷಯದಲ್ಲಿ ಮಾತ್ರ ಈ ಮೆಟ್ಟಿಲುಗಳಿಲ್ಲ. ಒಸರಿದರೂ ಗಾಡಿ ಹೊರಡಕೂಡದು. ಅಂದಹಾಗೆ ‘ಬ್ರೇಕ್ ಆಯಿಲ್’ ಎಂಬ ಮಾತೇ ಅಪಾಯ. ಅದು ಎಣ್ಣೆಯಲ್ಲ, ಡಬ್ಬಿಯ ಮೇಲೆ ಕಾಣುವ ಡಾಟ್ 3, ಡಾಟ್ 4 ಎಂಬ ದರ್ಜೆಗಳೆರಡೂ ಗ್ಲೈಕಾಲ್ ಜಾತಿಯವು, ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 4 ಕಡೇ ಪಕ್ಷ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ನಿಯಮವಿದೆ. ನೀರು ಹೀರಿಕೊಂಡದ್ದಕ್ಕೆ ಆ ಮಿತಿ 155ಕ್ಕೆ ಇಳಿಯುತ್ತದೆ. ಹೆಸರು ಕೇಳಿ ಯಾರಾದರೂ ಎಂಜಿನ್ ಆಯಿಲನ್ನೇ ಅಲ್ಲಿ ಸುರಿದರೆ ರಬ್ಬರ್ ಸೀಲ್‌ಗಳೆಲ್ಲ ಉಬ್ಬಿ ಕೂರುತ್ತವೆ. ಅದಕ್ಕೇ ‘ಬ್ರೇಕ್ ದ್ರವ’ ಎಂದು ಬರೆದಿದ್ದೇನೆ. ಪುಸ್ತಕದ ವಾಸನೆ ಹೊಡೆಯುತ್ತದೆ, ಗೊತ್ತು. ಇದೊಂದು ಕಡೆ ಹೊಡೆಯಲಿ.

ಇನ್ನು ಬಿಚ್ಚಲು ಬಾರದ ನಟ್ಟು. ‘ಜಾಮ್ ಆಗಿದೆ’ ಎಂದು ಬಿಟ್ಟರೆ ಮುಂದೇನು ಮಾಡಬೇಕೆಂದು ತಿಳಿಯುವುದಿಲ್ಲ. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ಆ ಇಕ್ಕಟ್ಟಿನಲ್ಲಿ ನಟ್ಟು ‘ಕಚ್ಚಿಕೊಳ್ಳುತ್ತದೆ’. ಇದಕ್ಕೆ ಸಂದಿಯೊಳಗೆ ಇಳಿಯುವಂಥ ತೆಳು ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕು, ತಟ್ಟಬೇಕು, ಹತ್ತಿರ ಪೆಟ್ರೋಲು, ರಬ್ಬರ್ ಯಾವುದೂ ಇಲ್ಲದಿದ್ದರೆ ಕಾಯಿಸಬಹುದು. ಮೂಲೆಗಳೇ ಸವೆದು ಪಾನಾ ಜಾರುತ್ತಿದ್ದರೆ ಅದು ‘ಉರುಟಾಗಿದೆ’. ಇಲ್ಲಿ ಎಣ್ಣೆಯೊಂದೇ ಸಾಲದು, ಆರು ಮೂಲೆಯ ಸಾಕೆಟ್ ಬೇಕು. ಎಷ್ಟು ತಿರುಗಿಸಿದರೂ ಸುಮ್ನೆ ಸುತ್ತುತ್ತಿದ್ದರೆ ‘ಥ್ರೆಡ್ ಹೋಗಿದೆ’. ಆಯಿಲ್ ಇಲ್ಲದೆ ಪಿಸ್ಟನ್ ಹಿಡಿದುಕೊಂಡ ಎಂಜಿನ್ನಿಗೆ ಮಾತ್ರ ‘ಸೀಜ್’ ಉಳಿಸಿಕೊಂಡಿದ್ದೇನೆ.

‘ಬಿಗಿ’ಯ ಬಗ್ಗೆ ನಿಮ್ಮ ಅಭಿಪ್ರಾಯ ಬೇಕೇಬೇಕು. ಟಾರ್ಕ್ ಎಂದರೆ ಪಾನಾ ಹಿಡಿದು ನಾವು ತಿರುಗಿಸುವ ಬಲ. ಟಾರ್ಕ್‌ಗೆ ‘ಬಿಗಿ’ ಎಂದರೆ ಸಾಕು ಎಂದು ಗೆಳೆಯರೊಬ್ಬರ ವಾದ. ನಾನು ಒಪ್ಪುವುದಿಲ್ಲ. ಒಣ ಬೋಲ್ಟಿಗೂ ಎಣ್ಣೆ ಸವರಿದ ಬೋಲ್ಟಿಗೂ 100 ನ್ಯೂಟನ್ ಮೀಟರ್ ಟಾರ್ಕ್ ಕೊಟ್ಟರೆ ಎಣ್ಣೆಯದೇ ಹೆಚ್ಚು ಬಿಗಿಯಾಗುತ್ತದೆ, ಉಜ್ಜಾಟ ಕಡಿಮೆಯಲ್ಲವಾ. ನಾವು ಕೊಡುವುದು ಟಾರ್ಕ್, ಬೋಲ್ಟಿಗೆ ಬರುವುದು ಬಿಗಿ. ಎರಡಕ್ಕೂ ಒಂದೇ ಪದ ಹಾಕಿದರೆ ಎಣ್ಣೆ ಸವರಿದ ಬೋಲ್ಟು ತುಂಡಾದದ್ದು ಏಕೆ ಎಂದು ವಿವರಿಸಲೇ ಆಗದು. ನಿಘಂಟಿನ ‘ತಿರುಚುಬಲ’ವನ್ನು ಗ್ಯಾರೇಜಿನಲ್ಲಿ ಯಾರೂ ಆಡಿದ್ದು ಕೇಳಿಲ್ಲ.

ಕೊನೆಯದಾಗಿ ‘ಆಟ’. ಗಾಡಿಯನ್ನು ಜಾಕಿಯಿಂದ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಮುಂದಿನ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಕಟಕಟ ಎಂದರೆ ‘ಬೇರಿಂಗಿನಲ್ಲಿ ಆಟ ಇದೆ’ ಎನ್ನುತ್ತೇವೆ. ಬಾಲ್ ಜಾಯಿಂಟೂ ಇರಬಹುದು. ಎಡಬಲ ಅಲುಗಿಸಿದಾಗ ಮಾತ್ರ ಬಂದರೆ ಸ್ಟೀರಿಂಗಿನಿಂದ ಚಕ್ರವನ್ನು ತಿರುಗಿಸುವ ಸರಳಾದ ಟೈ ರಾಡಿನ ಕಡೆ ಅನುಮಾನ. ಈ ‘ಆಟ’ ಸೊಗಸಾದ ಮಾತು. ಆದರೆ ಸ್ಟೀರಿಂಗಿನಲ್ಲಿ ಬೇಕೆಂದೇ ಬಿಟ್ಟಿರುವ ಚೂರು ಸಡಿಲವೂ ಇದೆ, ಸವೆದು ಬಂದ ಸಡಿಲವೂ ಇದೆ. ಎರಡನ್ನೂ ‘ಆಟ’ ಎನ್ನಬಹುದಾ? ಅಥವಾ ಮೊದಲನೆಯದಕ್ಕೆ ‘ಆಟ’, ಎರಡನೆಯದಕ್ಕೆ ‘ಅಲುಗಾಟ’ ಎಂದು ಬಿಡಿಸಿ ಬರೆಯಲಾ? ಗಾಡಿ ಕೆಲಸ ಮಾಡಿದವರು ಹೇಳಿದರೆ ಹಾಗೇ ತಿದ್ದುತ್ತೇನೆ.